ವಾರಗಿತ್ತಿಯ ಅರ್ಜಿ

ಭಾನುವಾರ ಬೆಳಗ್ಗೆ ಒಂಬತ್ತರ ಸುಮಾರಿಗೆ ನಮ್ಮ ಗೇಟಿನ ಚಿಲಕ ಎರಡು ಸಲ ಸದ್ದು ಮಾಡಿದರೆ ನನ್ನ ವಾರಗಿತ್ತಿ ಬಂದಳು ಅಂತಲೇ. ತೆಗೆಯುವಾಗ ಒಂದು ಸಲ, ಒಳಗೆ ಬಂದು ಹಾಕುವಾಗ ಇನ್ನೊಂದು ಸಲ. ನಮ್ಮ ಮನೆಯಲ್ಲಿ ಬೇರೆ ಯಾರೂ ಆ ಎರಡನೆಯ ಸದ್ದು ಮಾಡುವವರಲ್ಲ. ಗೇಟು ತೆರೆದೇ ಇರುತ್ತದೆ, ಬೀದಿಯ ದನ ಬಂದು ದಾಸವಾಳ ತಿಂದು ಹೋಗುತ್ತದೆ.

ಅವಳು ನನ್ನ ಮೈದುನನ ಹೆಂಡತಿ. ಅಮೃತೂರಿನಿಂದಾಚೆ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರು. ಬೆಳಗ್ಗೆ ಮೊದಲ ಬಸ್ಸಿಗೆ ಕುಣಿಗಲ್ಲಿಗೆ ಬಂದು, ಅಲ್ಲಿಂದ ತುಮಕೂರಿನ ಬಸ್ಸು ಹಿಡಿದು, ಉಪ್ಪಾರಹಳ್ಳಿಯ ನಮ್ಮ ಮನೆಗೆ ಬರುತ್ತಾಳೆ. ತಂದ ನಾಲ್ಕು ತೆಂಗಿನಕಾಯಿಯನ್ನು ಅಡುಗೆಮನೆಯ ಮೂಲೆಯಲ್ಲಿಟ್ಟು, ನಿಂತಲ್ಲೇ ಕಾಫಿ ಕುಡಿದು, ಬ್ಯಾಗಿನಿಂದ ನೀಲಿ ದಾರದ ಟ್ಯಾಗು ತೆಗೆದು ಕೊರಳಿಗೆ ಹಾಕಿಕೊಂಡು, ಸೆರಗು ಸರಿಮಾಡಿಕೊಂಡು ಕ್ಲಾಸಿಗೆ ಹೊರಡುತ್ತಾಳೆ. ಆ ಟ್ಯಾಗಿನಲ್ಲಿ ಅವಳ ಫೋಟೋ ಇದೆ. ಫೋಟೋದ ಕೆಳಗೆ ‘ವಿದ್ಯಾರ್ಥಿನಿ’ ಅಂತ ಬರೆದಿದೆ.

ಕೆಲಸದಲ್ಲಿರುವವರಿಗಾಗಿಯೇ ಯೂನಿವರ್ಸಿಟಿಯವರು ಭಾನುವಾರಗಳಲ್ಲಿ ನಡೆಸುವ ಸರ್ಟಿಫಿಕೇಟ್ ಕೋರ್ಸು ಅದು. ಕಾರ್ಮಿಕರ ಕಾನೂನು, ಸಭೆ ನಡೆಸುವುದು, ಸರ್ಕಾರಿ ಕಚೇರಿಗೆ ಅರ್ಜಿ ಬರೆಯುವುದು ಎಲ್ಲ ಹೇಳಿಕೊಡುತ್ತಾರೆ. ಬಸ್ ಕಂಡಕ್ಟರು, ಪೌರಕಾರ್ಮಿಕರು, ಆಶಾ ಕಾರ್ಯಕರ್ತೆಯರು, ಒಬ್ಬ ಲೈನ್‌ಮನ್ನು, ಇವರೆಲ್ಲ ಅವಳ ಕ್ಲಾಸ್‌ಮೇಟುಗಳು. ಐವತ್ತು ದಾಟಿದ ಕಂಡಕ್ಟರನ್ನು ಅವಳು ಕ್ಲಾಸ್‌ಮೇಟು ಅನ್ನುವಾಗ ನನಗೆ ನಗು ಬರಬೇಕಿತ್ತು. ಬರಲಿಲ್ಲ.

ನಾನು ಗುಬ್ಬಿಯಿಂದ ದಿನಾ ಬಸ್ಸಿನಲ್ಲಿ ಬಂದು ತುಮಕೂರಿನ ಕಾನ್ವೆಂಟಿನಲ್ಲಿ ಓದಿದವಳು. ಬಿ.ಎ. ಎರಡನೇ ವರ್ಷದಲ್ಲಿ ಮದುವೆಯಾಯಿತು. ಆದರೂ ಈ ಮನೆತನದಲ್ಲಿ ಇಂಗ್ಲಿಷಿನಲ್ಲಿ ಏನು ಬಂದರೂ ನನ್ನ ಹತ್ತಿರವೇ ಬರುತ್ತಿತ್ತು. ಇನ್ಶೂರೆನ್ಸಿನ ಪತ್ರ, ಮಕ್ಕಳ ಸ್ಕೂಲಿಗೆ ಲೀವ್ ಲೆಟರು, ಆಸ್ಪತ್ರೆಯ ರಿಪೋರ್ಟು. ಅವಳೋ ಪಿಯುಸಿಯನ್ನು ಎರಡನೇ ಸಲ ಕಟ್ಟಿ ಪಾಸಾದವಳು. ಈಗ ನನ್ನ ಯಜಮಾನರು ಅಂಗಡಿಗೆ ಹೊರಡುವಾಗ, ಗೇಟು ದಾಟುತ್ತಿದ್ದ ಅವಳ ಬೆನ್ನು ನೋಡಿ, “ನಮ್ಮನೇಲೂ ಕೊನೆಗೊಬ್ರು ಓದೋರು ಬಂದ್ರಪ್ಪ” ಅಂದರು. ನನ್ನ ಕೈಯಲ್ಲಿ ಅವರ ಟಿಫಿನ್ ಕ್ಯಾರಿಯರ್ ಇತ್ತು. ಅವರಿಗೆ ಏನೂ ಗೊತ್ತಾಗಲಿಲ್ಲ.

ಒಂದು ಭಾನುವಾರ ಸಂಜೆ ಅವಳು ಟ್ಯಾಗನ್ನು ಫ್ರಿಜ್ಜಿನ ಮೇಲೆ ಮರೆತು ಹೋದಳು. ಅದು ಮುಂದಿನ ಭಾನುವಾರದವರೆಗೂ ಅಲ್ಲೇ ಇತ್ತು. ಮಂಗಳವಾರ ಮಧ್ಯಾಹ್ನ ನಾನು ಅದನ್ನು ಕೊರಳಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಫೋಟೋ ಹಿಂದೆ ಹೋಗುವ ಹಾಗೆ ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ‘ಕಳೆದುಹೋದರೆ ದಯವಿಟ್ಟು ಹಿಂದಿರುಗಿಸಿ’ ಅಂತ ಇತ್ತು. ತೆಗೆದಿಟ್ಟೆ.

ಮುಂದಿನ ವಾರ, ತರಕಾರಿಗೆ ಹೋಗುವ ನೆಪ ಮಾಡಿಕೊಂಡು ಅವಳ ಜೊತೆಗೇ ಹೊರಟು, ಕ್ಲಾಸು ನಡೆಯುವ ಕಟ್ಟಡದ ಕೌಂಟರಿನಲ್ಲಿ ಅಪ್ಲಿಕೇಶನ್ ಕೇಳಿದೆ.

“ಎಲ್ಲಿ ಕೆಲ್ಸ ಮಾಡ್ತೀರ ಮೇಡಂ?” ಅಂದ ಅಲ್ಲಿ ಕೂತಿದ್ದವನು.

“ಮನೇಲಿ.”

“ಮನೇಲಿ ಅಂದ್ರೆ, ವರ್ಕ್ ಫ್ರಮ್ ಹೋಮಾ?”

“ಇಲ್ಲ. ಮನೇಲೇ.”

ಅವನು ಒಳ್ಳೆಯವನು, ನಗಲಿಲ್ಲ. ಫಾರಮ್ಮು ತಿರುಗಿಸಿ ಕೆಳಗಿನ ಚೌಕ ತೋರಿಸಿದ. “ಇಲ್ಲಿ ನಿಮ್ಮ ಮೇಲಧಿಕಾರಿ ಸೈನು, ಸೀಲು ಬೇಕಾಗತ್ತೆ. ಸರ್ವೀಸಲ್ಲಿ ಇರೋರಿಗೆ ಮಾತ್ರ ಮೇಡಂ ಇದು.”

ಫಾರಮ್ಮು ಮನೆಗೆ ತಂದೆ. ಯಜಮಾನರು ನೋಡಿ, “ನನ್ನ ಅಂಗಡಿ ಸೀಲ್ ಒತ್ಕೊಡ್ಲೇನೇ? ಮೇಲಧಿಕಾರಿ ನಾನೇ ತಾನೆ!” ಅಂತ ತಮಾಷೆ ಮಾಡಿದರು. ಅದನ್ನು ಡ್ರಾಯರಿನಲ್ಲಿ, ಹಳೆಯ ಕ್ಯಾಲೆಂಡರಿನ ಕೆಳಗೆ ಹಾಕಿಟ್ಟೆ.

ಇದಾದ ಮೇಲೆಯೇ ಅರ್ಜಿಯ ವಿಷಯ ಬಂದದ್ದು. ಅವಳು ಊಟ ಮಾಡಿ ತಟ್ಟೆ ತೊಳೆಯುತ್ತಿದ್ದಳು. ನಾನು ನೆನೆಸಿದ ಅವರೆಕಾಳನ್ನು ಹಿತಕುತ್ತ ಕೂತಿದ್ದೆ. ಅವಳು ನಲ್ಲಿ ನಿಲ್ಲಿಸಿ ನನ್ನ ಕಡೆ ತಿರುಗಿದಳು.

“ಅಕ್ಕಾ, ನಿನ್ನ ಅಕ್ಷರ ಮುತ್ತಿನಂಗಿರುತ್ತೆ. ಇದೊಂದನ್ನ ಒಳ್ಳೆ ಹಾಳೇಲಿ ಬರ್ಕೊಡ್ತೀಯಾ? ಕ್ಲಾಸಲ್ಲಿ ಎದ್ದು ನಿಂತು ಓದಿ ಹೇಳ್ಬೇಕು. ಇನ್ನೊಬ್ರು ಆಫೀಸರ್ ಥರ ಕೂತಿರ್ತಾರೆ. ಅದಕ್ಕೇ ಮಾರ್ಕ್ಸು. ಇದರಲ್ಲಿ ಪಾಸಾಗ್ದಿದ್ರೆ ಸರ್ಟಿಫಿಕೇಟ್ ಇಲ್ಲ. ಆಮೇಲೆ ಇದನ್ನೇ ನಮ್ಮ ಟೀಚರುಗಳೆಲ್ಲ ಸೈನ್ ಹಾಕಿ ಆಫೀಸಿಗೆ ಕೊಡ್ತೀವಿ.”

ಓದಿ ಹೇಳಬೇಕು ಅಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಅವಳು ನೋಟ್‌ಬುಕ್ಕಿನ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದಿದ್ದಳು. ‘ಸರ್ವೆ ಅಂತ ನಮ್ಮನ್ನು ಮನೆ ಮನೆ ಸುತ್ತಿಸುವ ದಿನ ಮಕ್ಕಳ ಹತ್ತಿರ ಸಹಾಯಕಿ ಒಬ್ಬಳೇ. ಅವಳು ಒಲೆ ನೋಡಬೇಕೋ, ಮಕ್ಕಳನ್ನು ನೋಡಬೇಕೋ? ಮಕ್ಕಳ ತೂಕವನ್ನು ಫೋನಿಗೆ ಹಾಕಬೇಕು. ಊರಲ್ಲಿ ಸಿಗ್ನಲ್ ಇಲ್ಲ. ನೀರಿನ ಟ್ಯಾಂಕಿನ ಹತ್ತಿರ ಹೋಗಿ ಕೈ ಎತ್ತಿ ನಿಲ್ಲುತ್ತೇವೆ. ಸರ್ವೆಯನ್ನು ಮಕ್ಕಳು ಮನೆಗೆ ಹೋದ ಮೇಲೆ ಇಡಿ. ತೂಕವನ್ನು ಪುಸ್ತಕದಲ್ಲಿ ಬರೆದುಕೊಡಲು ಬಿಡಿ.’

ಚೆನ್ನಾಗಿತ್ತು. ಅಷ್ಟು ಚೆನ್ನಾಗಿ ನಾನು ಬರೆಯಲಾರೆ ಅನ್ನುವುದು ಎರಡನೇ ಸಲ ಓದಿದಾಗ ಗೊತ್ತಾಯಿತು.

ಬುಧವಾರ ಕೂತು ಬರೆದೆ. ಪೂರ್ತಿ ಇಂಗ್ಲಿಷಿನಲ್ಲಿ ಬರೆದೆ. ಕಾನ್ವೆಂಟಿನಲ್ಲಿ ಸಿಸ್ಟರ್ ನಾಲ್ಕು ಗೆರೆಯ ಪುಸ್ತಕದಲ್ಲಿ ಕಲಿಸಿದ ಕರ್ಸಿವ್ ಅಕ್ಷರ, ಒಂದೊಂದೂ ಬಲಕ್ಕೆ ಬಾಗಿದ್ದು. ‘ರೆಸ್ಪೆಕ್ಟೆಡ್ ಸರ್, ಐ ಮೋಸ್ಟ್ ಹಂಬ್ಲಿ ಬೆಗ್’ ಅಂತ ಶುರು. ಅತ್ಯಂತ ವಿನಯದಿಂದ ಬೇಡಿಕೊಳ್ಳುತ್ತೇನೆ ಅಂತ. ಶಾಲೆಯಲ್ಲಿ ರಜೆ ಕೇಳುವಾಗ ನಮಗೆ ಜ್ವರ ಬಂದಿದ್ದರೂ ಹಾಗೇ ಬೇಡಿಕೊಳ್ಳಬೇಕಿತ್ತು, ಅಣ್ಣನ ಮದುವೆಯಿದ್ದರೂ ಹಾಗೇ. ಟ್ಯಾಂಕು, ಎತ್ತಿದ ಕೈ, ಒಲೆ ಎಲ್ಲ ಬಿಟ್ಟುಹೋದವು. ‘ಕೆಲವು ಅನಾನುಕೂಲಗಳು’ ಅನ್ನುವ ಅರ್ಥದ ಒಂದು ದೊಡ್ಡ ಪದ ಅವುಗಳ ಜಾಗದಲ್ಲಿ ಬಂತು.

ಭಾನುವಾರ ಅವಳು ಹಾಳೆ ನೋಡಿ, “ಅಯ್ಯೋ ಅಕ್ಕಾ, ಇಂಗ್ಲಿಷಲ್ಲೇ! ಎಷ್ಟು ಚೆನ್ನಾಗಿದೆ!” ಅಂದಳು. ಆಮೇಲೆ ಮೊದಲ ಸಾಲಿನ ಮೇಲೆ ಬೆರಳಿಟ್ಟು, “ನನಗೆ ಓದಕ್ಕೆ ಬರತ್ತಾ?” ಅಂದಳು.

“ಬರತ್ತೆ ಬಿಡು” ಅಂದೆ.

ಆ ದಿನ ಅಡುಗೆ ಮಾಡುವಾಗಲೆಲ್ಲ ನನ್ನ ಕಣ್ಣು ಗಡಿಯಾರದ ಮೇಲೇ ಇತ್ತು. ಅವಳು ತಡವರಿಸಲಿ ಅಂತ ನಾನು ಬಯಸಲಿಲ್ಲ ಅಂತ ಹೇಳಿಬಿಡಬಹುದು. ಸ್ವಲ್ಪ ಬಯಸಿದ್ದೆ. ಒಂದು ಸಲ ತಡವರಿಸಿ, ನಮ್ಮಕ್ಕನನ್ನು ಕೇಳಿಕೊಂಡು ಬರ್ತೀನಿ ಸರ್, ಅನ್ನಲಿ ಅಂತ.

ಊಟಕ್ಕೆ ಬಂದವಳು ನಗುತ್ತಲೇ ಹೇಳಿದಳು. ಮೂರನೇ ಸಾಲಿಗೇ ನಿಂತುಬಿಟ್ಟಳಂತೆ. ಆಫೀಸರಾಗಿ ಕೂತಿದ್ದ ಕಂಡಕ್ಟರು, “ಏನಮ್ಮಾ ಟೀಚರ್, ಕುಣಿಗಲ್ ಟಿಕೆಟ್ ತಗೊಂಡು ಲಂಡನ್ ಬಸ್ ಹತ್ಬಿಟ್ರಾ?” ಅಂದನಂತೆ. ಎಲ್ಲರೂ ನಕ್ಕರಂತೆ. ಪಾಠ ಮಾಡುವ ಮೇಡಂ ಹಾಳೆ ತೆಗೆದುಕೊಂಡು ನೋಡಿ, “ಇಲ್ಲಿ ಯಾಕಮ್ಮ ಬೇಡ್ಕೋತಾ ಇದೀರಾ? ನಿಮ್ಮ ಕೆಲಸದ ಕಷ್ಟ ಎಲ್ಲಿ ಹೋಯ್ತು?” ಅಂದರಂತೆ. ಮುಂದಿನ ಭಾನುವಾರ ಕೊನೆಯ ಅವಕಾಶ.

ಅನ್ನಕ್ಕೆ ಸಾರು ಕಲಸುತ್ತಿದ್ದ ಅವಳ ಬೆರಳು ಮಾತ್ರ ನಗುತ್ತಿರಲಿಲ್ಲ. ಕಲಸಿದ್ದನ್ನೇ ಕಲಸುತ್ತಿತ್ತು.

ಬ್ಯಾಗಿನಿಂದ ಹಾಳೆ ತೆಗೆದು ನನ್ನ ಮುಂದಿಟ್ಟಳು. ನನ್ನ ಕರ್ಸಿವ್ ಅಕ್ಷರದ ‘ಬೆಗ್’ ಸುತ್ತ ಕೆಂಪು ಶಾಯಿಯ ಗೆರೆ. ಶಾಲೆಯಲ್ಲಿ ನನ್ನ ಬರಹಕ್ಕೆ ಎಂದೂ ಕೆಂಪು ಬಿದ್ದಿರಲಿಲ್ಲ.

“ಇನ್ನೊಂದು ಬರ್ಕೊಡ್ತೀಯಾ ಅಕ್ಕ? ನಾನು ಹೇಳ್ತೀನಿ, ನೀನು ಬರಿ. ಹೇಳಿದಂಗೇ.”

ಮೇಜು ಒರೆಸಿ, ಹಾಳೆಯ ಕೆಳಗೆ ಪೇಪರು ಹಾಸಿಕೊಂಡು ಬರೆದೆ. ಅವಳು ಹೇಳಿದ ಹಾಗೇ ಬರೆದೆ. ಟ್ಯಾಂಕು ಬಂತು, ಒಲೆ ಬಂತು, ಎತ್ತಿದ ಕೈ ಬಂತು. ಕೊನೆಯಲ್ಲಿ ಕೈ ತಾನಾಗಿಯೇ ‘ತಮ್ಮ ವಿಧೇಯ’ ಅಂತ ಬರೆಯಲು ಹೊರಟಿತು. ಅವಳು ನನ್ನ ಮಣಿಕಟ್ಟಿನ ಮೇಲೆ ಬೆರಳಿಟ್ಟಳು. “ಅದು ಬೇಡ ಕಣಕ್ಕ. ‘ಸಹಿ ಮಾಡಿರುವ ನಾವು’ ಅಂತ ಹಾಕು, ಸಾಕು.”

ಅದರ ಕೆಳಗೆ ಅವಳ ಸರ್ಕಲ್ಲಿನ, ಅಂದರೆ ಸುತ್ತಲ ಹಳ್ಳಿಗಳ ಅಂಗನವಾಡಿ ಟೀಚರುಗಳು ಸಹಿ ಹಾಕಲು ಜಾಗ ಬಿಟ್ಟೆ. ಅಳತೆ ಮಾಡಿ, ಸ್ಕೇಲಿನಿಂದ ಒಂದೊಂದೇ ಗೆರೆ ಎಳೆದೆ. ಎಷ್ಟು ಗೆರೆ ಎಳೆದರೂ ಅದರಲ್ಲಿ ನನ್ನದೊಂದು ಬರುವಂತಿರಲಿಲ್ಲ.

ಸ್ಕೇಲು ಕೆಳಗಿಟ್ಟು ಹೇಳಿಬಿಟ್ಟೆ. “ಅವತ್ತು, ಎದ್ದು ನಿಂತು ಓದ್ಬೇಕು ಅಂತ ನೀನು ಹೇಳಿದ್ದು ನನಗೆ ಕೇಳಿಸಿತ್ತು ಕಣೇ.”

ಅವಳು ಪೆನ್ನಿನ ಮುಚ್ಚಳ ಹುಡುಕುತ್ತಿದ್ದಳು. ತಲೆ ಎತ್ತಲಿಲ್ಲ.

“ಗೊತ್ತು. ನಲ್ಲಿ ನಿಲ್ಲಿಸೇ ಹೇಳಿದ್ದೆ ನಾನು.”

ಮುಚ್ಚಳ ಮೇಜಿನ ಕೆಳಗೆ ಸಿಕ್ಕಿತು. ಹಾಕಿ, ಪೆನ್ನು ನನ್ನ ಕೈಗೆ ಕೊಟ್ಟಳು. ನಮ್ಮಿಬ್ಬರ ನಡುವೆ ಆ ವಿಷಯ ಅಷ್ಟಕ್ಕೇ ಮುಗಿಯಿತು, ಆಮೇಲೆ ಯಾವತ್ತೂ ಬಂದಿಲ್ಲ.

“ನೀನು ಆಫೀಸರಾಗಿ ಕೂತ್ಕೋ, ನಾನು ಓದ್ತೀನಿ” ಅಂದಳು. ನಾನು ಅಡುಗೆಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಅವಳು ಫ್ರಿಜ್ಜಿನ ಮುಂದೆ ನಿಂತು, ಟ್ಯಾಗು ನೆಟ್ಟಗೆ ಮಾಡಿಕೊಂಡು, ಒಂದು ಸಲ ಉಸಿರೆಳೆದುಕೊಂಡು ಓದಿದಳು. ದನಿ ಮೊದಲು ನಡುಗಿತು, ಟ್ಯಾಂಕಿನ ಹತ್ತಿರ ಬರುವಷ್ಟರಲ್ಲಿ ಗಟ್ಟಿಯಾಯಿತು. ಮಕ್ಕಳಿಗೆ ಹಾಡು ಹೇಳಿಕೊಟ್ಟು ಪಳಗಿದ ದನಿ, ಹೊರಗಿನ ಗೇಟಿನವರೆಗೂ ಕೇಳಿಸಿರಬೇಕು. ಅಲ್ಲಿ ನಿಂತು ಓದುವವಳು ನಾನಾಗಿರಬೇಕಿತ್ತು ಅಂತ ಆಗಲೂ ಅನ್ನಿಸಿತು. ಟ್ಯಾಗಿನ ನೀಲಿ ದಾರವನ್ನೇ ನೋಡುತ್ತಿದ್ದೆ.

“ಹೇಗಿತ್ತಕ್ಕ?”

“ಸಿಗ್ನಲ್ ವಿಷಯ ಓಡಿಸ್ಬಿಟ್ಟೆ” ಅಂದೆ. “ಅಲ್ಲಿ ನಿಧಾನ ಮಾಡು. ಆಫೀಸರಿಗೆ ಆ ಕೈ ಕಾಣಿಸ್ಬೇಕು. ಇನ್ನೊಂದ್ಸಲ ಓದು.”