ಅನ್ಸೆಲ್ಮೋನ ಬಿಳಿ ಕರವಸ್ತ್ರ

ಅನ್ಸೆಲ್ಮೋ ಸ್ಟೇಡಿಯಮ್ಮಿಗೆ ಬರುವುದು ಆಟ ನೋಡುವುದಕ್ಕಲ್ಲ, ತಕರಾರು ಮಾಡುವುದಕ್ಕೆ ಎಂದು ಅವನ ಗ್ಯಾಲರಿಯವರೆಲ್ಲ ಹೇಳುತ್ತಿದ್ದರು. ಭಾನುವಾರ ಊಟವಾದ ಮೇಲೆ ಹೆಂಡತಿ ರೆಮೆದಿಯೋಸ್ ಇಸ್ತ್ರಿ ಮಾಡಿದ ಬಿಳಿ ಕರವಸ್ತ್ರವನ್ನು ಅವನ ಕೋಟಿನ ಜೇಬಿಗೆ ತುರುಕಿ, "ಹೋಗು ಮಾರಾಯ, ಇವತ್ತು ಯಾರನ್ನ ಮನೆಗೆ ಕಳಿಸ್ತೀಯೋ ಕಳಿಸಿ ಬಾ" ಎನ್ನುತ್ತಿದ್ದಳು. ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷನ ಮೇಲೆ ಸಿಟ್ಟು ಬಂದರೆ ನಲವತ್ತು ಸಾವಿರ ಜನ ಒಟ್ಟಿಗೆ ಬಿಳಿ ಕರವಸ್ತ್ರ ಬೀಸಿ ರಾಜೀನಾಮೆ ಕೇಳುವುದು ಸ್ಪೇನಿನಲ್ಲಿ ಹಳೆಯ ವಾಡಿಕೆ. ಅನ್ಸೆಲ್ಮೋಗೆ ಯಾರ ಜೊತೆಯೂ ಬೇಕಿರಲಿಲ್ಲ. ಮ್ಯಾಡ್ರಿಡ್‌ನಿಂದ ಬಂದ ರೆಫರಿಗೆ, ಕೋಚಿಗೆ, ಮಳೆಗೆ, ಉಪ್ಪು ಸಾಲದ ಸೂರ್ಯಕಾಂತಿ ಬೀಜಕ್ಕೂ ಅವನೊಬ್ಬನೇ ಎದ್ದು ನಿಂತು ಬೀಸುತ್ತಿದ್ದ. ಪಕ್ಕದ ಕುರ್ಚಿಯ ಫೆರ್ಮಿನ್, "ಗೆದ್ದಿದೀವಲ್ಲೋ, ಕೂತ್ಕೊ" ಎಂದರೆ, "ಗೆದ್ದ ರೀತಿ ನೋಡಿದ್ಯಾ, ಇದಕ್ಕಿಂತ ಸೋಲೋದೇ ವಾಸಿ" ಎನ್ನುತ್ತಿದ್ದ. ಆ ಕರವಸ್ತ್ರದಲ್ಲಿ ಅವನು ಮೂಗು ಒರೆಸಿದ್ದನ್ನು ಕಂಡವರಿಲ್ಲ. ನೆಗಡಿಯಾದಾಗ ಅಂಗಿಯ ತೋಳೇ ಗತಿ. ಈ ಚಳಿಗಾಲದಲ್ಲಿ ರೆಮೆದಿಯೋಸ್ ತೀರಿಕೊಂಡಳು. ಸ್ಮಶಾನದಲ್ಲಿ ಗ್ಯಾಲರಿಯವರು ಅವನ ಅಕ್ಕಪಕ್ಕ, ಸ್ಟೇಡಿಯಮ್ಮಿನಲ್ಲಿ ಕೂರುವ ಸಾಲಿನಲ್ಲೇ ನಿಂತಿದ್ದರು. ಅಲ್ಲಿನ ಪದ್ಧತಿಯಂತೆ ಶವಪೆಟ್ಟಿಗೆಯನ್ನು ಸ್ಮಶಾನದ ಗೋಡೆಯ ಗೂಡಿನೊಳಗೆ ತಳ್ಳುವಾಗ ಅವನು ಕಣ್ಣೊರೆಸಿಕೊಳ್ಳಲೆಂದು ಜೇಬಿಗೆ ಕೈ ಹಾಕಿದ. ಅವಳು ಇಸ್ತ್ರಿ ಮಾಡಿಟ್ಟಿದ್ದ ಕೊನೆಯ ಕರವಸ್ತ್ರ ಮಡಿಕೆ ಬಿಚ್ಚಿಕೊಂಡು ಹೊರಬಂತು. ಆದರೆ ಕೈ ಕಣ್ಣಿನ ಹತ್ತಿರ ನಿಲ್ಲದೆ, ರೂಢಿಯಂತೆ ತಲೆಯ ಮೇಲಕ್ಕೆ ಹೋಗಿ ಬೀಸತೊಡಗಿತು. ಪ್ರಾರ್ಥನೆ ನಿಂತಿತು. ಫೆರ್ಮಿನ್ ಈ ಸಲ ಅವನನ್ನು ತಡೆಯಲಿಲ್ಲ, ತನ್ನ ಕರವಸ್ತ್ರವನ್ನೂ ತೆಗೆದು ಮೇಲೆತ್ತಿದ. ಆಮೇಲೆ ಸಾಲಿನವರೆಲ್ಲ ಒಬ್ಬೊಬ್ಬರಾಗಿ ಎತ್ತಿದರು. ಯಾರ ರಾಜೀನಾಮೆ ಎಂದು ಯಾರೂ ಕೇಳಲಿಲ್ಲ. ಪಾದ್ರಿಯೊಬ್ಬರೇ ಒಮ್ಮೆ ತಲೆಯೆತ್ತಿ ಆಕಾಶದತ್ತ ನೋಡಿದರು.