ಸೂಲಿಬೆಲೆ ರಸ್ತೆಯಲ್ಲಿ ರೆಕ್ಕೆ ಬಿಚ್ಚಿದ ದಿನ

ಗುರುವಾರ ಬೆಳಿಗ್ಗೆ ಮೊದಲ ಬಸ್ಸಿಗೇ ದೊಡ್ಡಬಳ್ಳಾಪುರ ಬಿಟ್ಟೆ. ಚಳಿ ಇನ್ನೂ ಹೋಗಿರಲಿಲ್ಲ. ಆ ದಿನ ನೂಲು ಸುತ್ತಲು ಬರುವುದಿಲ್ಲವೆಂದು ಮಗ್ಗದ ಮನೆಯವರಿಗೆ ಹಿಂದಿನ ದಿನವೇ ಹೇಳಿದ್ದೆ. ಚೀಲದಲ್ಲಿ ಎರಡು ರಾಗಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ, ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಉದ್ದನೆಯ ಸೂಜಿ ಇದ್ದವು. ಸೂಜಿಯ ತುದಿ ಚೀಲ ತೂರಿ ಹೊರಗೆ ಬಂದಿದ್ದನ್ನು ಕಂಡಕ್ಟರ್ ನೋಡಿದ.

"ಇದೇನಮ್ಮಾ, ದಬ್ಬಳಕ್ಕಿಂತ ಉದ್ದ ಐತೆ. ಪಕ್ಕದೋರಿಗೆ ಚುಚ್ಚೀಯೆ."

"ವಿಮಾನ ಹೊಲಿಯೋ ಸೂಜಿ" ಎಂದೆ.

"ಆಯ್ತು ಬಿಡಮ್ಮ, ನಮ್ ಬಸ್ಸೂ ಹರ್ದೈತೆ, ಒಂಚೂರು ಹೊಲ್ಕೊಡು" ಎಂದು ದೇವನಹಳ್ಳಿಗೆ ಟಿಕೆಟ್ ಹರಿದುಕೊಟ್ಟ. ಹಿಂದಿನ ಸೀಟಿನವರು ನಕ್ಕರು. ನಾನು ಹೇಳಿದ್ದು ನಿಜವೆಂದು ಯಾರಿಗೂ ಅನ್ನಿಸಲಿಲ್ಲ.

ಕೆಲವು ವರ್ಷಗಳ ಹಿಂದೆ ದೇವನಹಳ್ಳಿಯ ಆಚೆ, ಸೂಲಿಬೆಲೆ ರಸ್ತೆಯ ಬಯಲಿನಲ್ಲಿ, ಐದು ಜನ ಸೇರಿ ಒಂದು ಹಳೆಯ ಸಣ್ಣ ವಿಮಾನ ಕೊಂಡು ಕ್ಲಬ್ಬು ಮಾಡಿಕೊಂಡಿದ್ದರು. ಒಬ್ಬರು ಡಾಕ್ಟರು, ಒಬ್ಬರು ದ್ರಾಕ್ಷಿ ತೋಟದವರು, ಒಬ್ಬರು ನಮ್ಮೂರಿನ ರೇಷ್ಮೆ ವ್ಯಾಪಾರಿ, ಒಬ್ಬರು ಅಕ್ಕಿ ಗಿರಣಿಯವರು, ಇನ್ನೊಬ್ಬರು ಸೈನ್ಯದಿಂದ ನಿವೃತ್ತರಾದವರು. ವಾರದಲ್ಲಿ ಒಬ್ಬೊಬ್ಬರಿಗೆ ಒಂದೊಂದು ದಿನ ಹಾರುವ ಸರದಿ. ಉಳಿದ ಎರಡು ದಿನ ಮೆಕ್ಯಾನಿಕ್ಕಿನದು. ಆ ಮೆಕ್ಯಾನಿಕ್ಕೇ ನನ್ನ ಅಣ್ಣ ನಂಜುಂಡ. ರಿಪೇರಿ ಎರಡು ದಿನ ದಾಟಿದರೆ ಯಾರ ಸರದಿ ಕಳೆಯಬೇಕೆಂದು ಐವರಿಗೂ ಜಗಳ. ಗಾಳಿಯ ದಿಕ್ಕಿನ ವಿಷಯದಲ್ಲೂ ಅವರು ಒಮ್ಮತಕ್ಕೆ ಬರುವವರಲ್ಲ ಎಂದು ಅಣ್ಣ ನಗುತ್ತಿದ್ದ.

ವಿಮಾನದ ರೆಕ್ಕೆಗೆ ತಗಡು ಇರಲಿಲ್ಲ. ಮರದ ಪಕ್ಕೆಗಳ ಮೇಲೆ ಬಿಗಿದ ಬಟ್ಟೆ, ಬಟ್ಟೆಯ ಮೇಲೆ ಡೋಪ್ ಎಂಬ ಅಂಟುಬಣ್ಣ. ಬಟ್ಟೆ ಹಳೆಯದಾದಾಗ ಹೊಸದು ಹೊಲಿಯಲು ಅಣ್ಣ ನನ್ನನ್ನು ಕರೆಸಿಕೊಂಡ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಹೊಲಿಗೆ ಬರುತ್ತಿತ್ತು. ರೆಕ್ಕೆಯನ್ನು ಗೋಡೆಯಂತೆ ನಿಲ್ಲಿಸಿ ಅವನು ಆ ಕಡೆ, ನಾನು ಈ ಕಡೆ ನಿಲ್ಲುತ್ತಿದ್ದೆವು. ಅವನು ತೂರಿಸಿದ ಸೂಜಿಯನ್ನು ನಾನು ಎಳೆದು, ಹೊಲಿಗೆ ಹೊಲಿಗೆಗೂ ಒಂದು ಗಂಟು ಹಾಕಿ, ವಾಪಸು ತೂರಿಸಬೇಕು. "ಗಂಟು ಬಿಡಬ್ಯಾಡ ರತ್ನಾ. ದಾರ ಒಂದ್ಕಡೆ ಕಿತ್ರೆ ಅಲ್ಲೇ ನಿಲ್ಬೇಕು" ಎನ್ನುತ್ತಿದ್ದ. ಇಡೀ ದಿನ ಅವನ ಮುಖ ಕಾಣುತ್ತಿರಲಿಲ್ಲ, ಸೂಜಿಯ ಮೊನೆ ಮಾತ್ರ.

ಕೊನೆಯ ಸಂಜೆ ಪಾಲುದಾರರು ಬಂದು, ವಾರಗಟ್ಟಲೆ ಹಾರದೆ ಕೂತಿದ್ದೇವೆಂದು ಅಣ್ಣನನ್ನು ಹೊರಗೆ ಕರೆದು ಜೋರು ಮಾಡಿದರು. ಮರುದಿನ ಬೆಳಿಗ್ಗೆ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವುದಿತ್ತು. ಊರಿನ ಕೊನೆಯ ಬಸ್ಸು ತಪ್ಪಿದರೆ ಗತಿಯಿಲ್ಲ. ತುದಿಯ ನಾಲ್ಕು ಪಕ್ಕೆಗಳನ್ನು ನಾನೊಬ್ಬಳೇ ಆ ಕಡೆ ಈ ಕಡೆ ಓಡಾಡಿ ಹೊಲಿದೆ. ಗಂಟು ಹಾಕಲಿಲ್ಲ. ಕೌದಿ ಹೊಲಿದಂತೆ ಒಂದೇ ಓಟದಲ್ಲಿ ದಾರ ಎಳೆದು, ಮೇಲೆ ಬಟ್ಟೆಯ ಪಟ್ಟಿ ಅಂಟಿಸಿಬಿಟ್ಟೆ. ಪಟ್ಟಿ ಅಂಟಿದ ಮೇಲೆ ಒಳಗಿನದು ಕಾಣುವುದಿಲ್ಲ.

ಅಣ್ಣ ಬಳಿದ ಬಣ್ಣ ಒಣಗಿ, ಡಾಕ್ಟರು ತಮ್ಮ ಸರದಿಯಲ್ಲಿ ಹಾರಿದಾಗ ರೆಕ್ಕೆಯ ತುದಿಯ ಬಟ್ಟೆ ಉಬ್ಬಿ ಹರಿಯಿತು. ವಿಮಾನ ಒಣಗಿದ ಕೆರೆಯಂಗಳಕ್ಕೆ ಬಿತ್ತು. ಡಾಕ್ಟರ ಕಾಲು ಇಂದಿಗೂ ಸರಿಯಿಲ್ಲ. ಅಣ್ಣನನ್ನು ತೆಗೆದುಹಾಕಲು ಐವರೂ ಒಂದೇ ದಿನದಲ್ಲಿ ಒಪ್ಪಿದರು. ಮುರಿದ ವಿಮಾನವನ್ನು ಏನು ಮಾಡಬೇಕೆಂದು ಮಾತ್ರ ಒಪ್ಪದೆ, ಬಯಲಿನ ಶೆಡ್ಡಿನಲ್ಲೇ ಬಿಟ್ಟರು. ನಾನು ಬಾಯಿ ಬಿಡಲಿಲ್ಲ. ಅಣ್ಣ ಹೊಸಕೋಟೆಗೆ ಹೋಗಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡ. ನಾನು ಅವನ ಮನೆಗೆ ಹೋಗುವುದನ್ನು ಬಿಟ್ಟೆ. ನನ್ನನ್ನು ನೋಡಿಹೋದ ಸಂಬಂಧವೂ ಕೂಡಲಿಲ್ಲ.

ಮೊನ್ನೆ ಸಂತೆಯಲ್ಲಿ ಶೆಡ್ಡಿನ ಕಾವಲುಗಾರ ಮುನಿಶಾಮಣ್ಣ ಸಿಕ್ಕಿದ. "ಐದೂ ಜನ ಕೊನೇಗೂ ಮಾರಾಕೆ ಒಪ್ಕಂಡವ್ರೆ ಕಣಮ್ಮ. ಗುರುವಾರ ರೆಕ್ಕೆ ಬಿಚ್ಚಾಕೆ ನಿಮ್ಮಣ್ಣನ್ನೇ ಕರ್ಸ್ತಾವ್ರೆ. ಅದು ಇನ್ಯಾರಿಗೆ ಬತ್ತದೆ?" ಎಂದ. ಬಟ್ಟೆ ಬಿಚ್ಚಿದರೆ ಅದರಲ್ಲಿ ಉಳಿದ ಗಂಟಿಲ್ಲದ ಹೊಲಿಗೆ ಅಣ್ಣನ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಮೊದಲು ನನ್ನ ಬಾಯಿಂದಲೇ ಹೇಳಬೇಕೆಂದು ಹೊರಟಿದ್ದೆ.

ದೇವನಹಳ್ಳಿಯಲ್ಲಿ ಬಸ್ಸು ಬದಲಿಸಿದೆ. ನಿಲ್ದಾಣದಲ್ಲಿ ಚಕ್ಕೋತದ ರಾಶಿ. ಅಣ್ಣನಿಗೆ ಇಷ್ಟವೆಂದು ಒಂದು ಕೊಂಡೆ. ಸೂಲಿಬೆಲೆ ರಸ್ತೆಯಲ್ಲಿ ಶೆಡ್ಡಿನ ತಗಡಿನ ಸೂರು ಕಿಟಕಿಯಿಂದ ಕಂಡಿತು. ಹಿಂದುಗಡೆ ಹೊಗೆ ಏಳುತ್ತಿತ್ತು. ಯಾರೋ ಕಸ ಸುಡುತ್ತಿದ್ದಾರೆ ಅಂದುಕೊಂಡೆ. ಇಷ್ಟು ಬೇಗ ಅಣ್ಣ ಇನ್ನೂ ಮನೆಯಲ್ಲೇ ಇರುತ್ತಾನೆಂದು ಇಳಿಯದೆ ಹೊಸಕೋಟೆಗೆ ಹೋದೆ.

ಅತ್ತಿಗೆ ಸರೋಜಮ್ಮ ಬಾಗಿಲಲ್ಲೇ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ದಾರಿ ತಪ್ಪಿ ಬಂದ್ಯೇನೋ" ಎಂದರು. ಆಮೇಲೆ ಕೂರಿಸಿ ಉಪ್ಪಿಟ್ಟು ಕೊಟ್ಟರು.

"ಅವ್ರು ನಿನ್ನೆ ಸಂಜೇನೇ ಹೋದ್ರು. ಶೆಡ್ಡಲ್ಲೇ ಮಲ್ಗಿರ್ತಾರೆ. ಈ ಗೋಡೆ ನೋಡು, ಸುಣ್ಣ ನಾನೇ ಬಳ್ದಿದ್ದು. ಇಂಜಿನ್ ಎಷ್ಟು ಬೇಕಾದ್ರೂ ಬಿಚ್ತಾರೆ, ಕುಂಚ ಮಾತ್ರ ಕೈಯಲ್ಲಿ ಹಿಡಿಯಲ್ಲ. ಮಂಜು ಬಿದ್ದ ದಿನ ರೆಕ್ಕೆಗೆ ಬಣ್ಣ ಬಳ್ದೆ, ತೇವಕ್ಕೆ ಅದು ಹಿಡೀಲಿಲ್ಲ, ನಾನೇ ಡಾಕ್ಟ್ರ ಕಾಲು ಮುರ್ದೆ ಅಂತಾರೆ."

ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಎದ್ದೆ. ಬಂದ ದಾರಿಯಲ್ಲೇ ವಾಪಸು ಬಸ್ಸು ಹತ್ತಿದೆ.

ಶೆಡ್ಡು ತಲುಪಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಬಯಲಲ್ಲಿ ಒಬ್ಬ ಕುರಿ ಕಾಯುವವನನ್ನು ಬಿಟ್ಟರೆ ಯಾರೂ ಇರಲಿಲ್ಲ. ಒಳಗೆ ಅಣ್ಣ ರೆಕ್ಕೆಯನ್ನು ಮೊದಲಿನಂತೆಯೇ ಗೋಡೆ ಹಾಗೆ ನಿಲ್ಲಿಸಿದ್ದ. ಅದರ ಮೇಲೆ ಬಟ್ಟೆಯ ಚೂರೂ ಇರಲಿಲ್ಲ. ಹೊರಗೆ ಕಪ್ಪು ಬೂದಿ.

"ಏನೇ ರತ್ನಾ, ನೀನಿಲ್ಲಿ?" ಎಂದ. ಕೂದಲು ನರೆತಿತ್ತು.

"ಬಟ್ಟೆ ಎಲ್ಲಣ್ಣ?"

"ಬೆಳಿಗ್ಗೇನೇ ಸುಟ್ಟಾಕ್ದೆ. ಡೋಪ್ ಅಲ್ವಾ, ಬೆಂಕಿ ತೋರ್ಸಿದ್ದೇ ತಡ ಭಗ್ ಅಂತು."

"ನೋಡ್ಲಿಲ್ವಾ, ಸುಡೋ ಮುಂಚೆ?"

"ನೋಡೋಕೇನಿದೆ? ನನ್ ತಪ್ಪು ನಂಗ್ ಗೊತ್ತಲ್ಲ." ಚಕ್ಕೋತ ಇಸಿದುಕೊಂಡು ಮೂಸಿದ. "ಹಣ್ಣಾಗಿದೆ. ತಿನ್ನೋಣ ಕೂತ್ಕೋ."

ಕೂರಲಿಲ್ಲ. ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು; ಇನ್ನು ಯಾರೂ ಕಂಡುಹಿಡಿಯಲಾರರು. ಅವನು ಹಣ್ಣಿನ ಸಿಪ್ಪೆ ಬಿಡಿಸತೊಡಗಿದ. ಸೂಜಿ ತೆಗೆದು ಬೆಂಚಿನ ಮೇಲಿಟ್ಟೆ. ಹೇಳಿದೆ. ಬಸ್ಸು, ಗಂಡಿನ ಕಡೆಯವರು, ಗಂಟಿಲ್ಲದ ದಾರ, ಪಟ್ಟಿ, ಎಲ್ಲ.

ಅವನ ಕೈ ನಿಂತಿತು. ಎದ್ದು ರೆಕ್ಕೆಯ ಹತ್ತಿರ ಹೋದ.

"ಎಲ್ಲಿಂದ?"

"ತುದಿಯಿಂದ ನಾಲ್ಕು."

ನಾಲ್ಕನೆಯ ಪಕ್ಕೆಯ ಮೇಲೆ ಅಂಗೈ ಇಟ್ಟ.

"ಆವತ್ತು ಮಂಜಿತ್ತಾ ಇಲ್ವಾ ಅಂತ ಯೋಚ್ನೆ ಮಾಡ್ತಾನೇ ಇದ್ದೆ ಕಣೇ. ಒಂದೊಂದ್ಸಲ ಬಿಸ್ಲಿತ್ತು ಅನ್ಸೋದು. ನನ್ನೇ ನಾನು ಉಳಿಸ್ಕೊಳ್ಳೋಕೆ ಸುಳ್ಳು ಹೇಳ್ಕೊತಿದೀನಿ ಅಂತ ಬೈಕೊತಿದ್ದೆ."

"ಅಣ್ಣಾ…"

"ಬಿಸ್ಲೇ ಇತ್ತು" ಎಂದ. ಆಮೇಲೆ, "ದೇವನಹಳ್ಳಿ ಬಸ್ಸು ಬರೋ ಹೊತ್ತು. ಹೊರಡು."

ನನ್ನ ಜೊತೆ ರಸ್ತೆಯವರೆಗೆ ಬರಲಿಲ್ಲ. ಹಿಂದೆ ಯಾವಾಗಲೂ ಬಸ್ಸು ಹತ್ತಿಸಿ, ಕಂಡಕ್ಟರಿಗೆ ನನ್ನನ್ನು ಜೋಪಾನವಾಗಿ ಇಳಿಸಲು ಹೇಳಿಯೇ ಹೋಗುತ್ತಿದ್ದ. ಸೂಜಿಯನ್ನು ಅಲ್ಲೇ ಬಿಟ್ಟು ಬಂದೆ. ರಸ್ತೆ ಸೇರಿ ತಿರುಗಿ ನೋಡಿದೆ. ಶೆಡ್ಡಿನ ಬಾಗಿಲು ತೆರೆದಿತ್ತು. ಅಣ್ಣ ರೆಕ್ಕೆಯ ಆ ಕಡೆ, ತನ್ನ ಹಳೆಯ ಜಾಗದಲ್ಲೇ ನಿಂತಿದ್ದ. ಈಗ ನಡುವೆ ಬಟ್ಟೆ ಇರಲಿಲ್ಲ. ಪಕ್ಕೆಗಳ ಸಂದಿಯಲ್ಲಿ ಅವನ ಮುಖ ಪೂರ್ತಿ ಕಾಣುತ್ತಿತ್ತು. ಅವನು ನನ್ನ ಕಡೆ ನೋಡುತ್ತಿರಲಿಲ್ಲ. ಬಸ್ಸು ಬಂತು, ಹತ್ತಿದೆ.