ನಾಸ್ತಿಕರ ಹರಕೆಕಾಯಿ

“ಇವತ್ತಿಂದ ನನಗ ದೇವ್ರಿಲ್ಲ, ದಿಂಡ್ರಿಲ್ಲ!” ಹೊಸ ವರ್ಷದ ಬೆಳಿಗ್ಗೆ ಇಡ್ಲಿ ತಟ್ಟೆಯ ಮುಂದೆ ಕೂತು ನಮ್ಮ ಯಜಮಾನರು ಘೋಷಿಸಿದರು. ರಾಯಚೂರಿನಿಂದ ದಿನಾ ದೇವದುರ್ಗಕ್ಕೆ ಬಸ್ಸಿನಲ್ಲಿ ನೌಕರಿಗೆ ಹೋಗಿಬರುವ ಅವರಿಗೆ ಊರಿಗೇ ವರ್ಗವಾಗಲೆಂದು ಅತ್ತೆ ಗುಡಿಯಲ್ಲಿ ಹರಕೆಯ ತೆಂಗಿನಕಾಯಿ ಕಟ್ಟಿದ್ದರು.

ಅತ್ತೆ ಚಪ್ಪಲಿ ಮೆಟ್ಟಿಕೊಂಡರು. “ಛಲೋ ಆತು ಬಿಡಪ್ಪಾ. ನಿನ್ನ ಹೆಸರಿನ ಕಾಯಿ ಬಿಚ್ಚಿಕೊಂಡು ಬರ್ತೀನಿ, ಚಟ್ನಿಗೆ ಆಗ್ತದ.”

ಯಜಮಾನರ ಕೈಯಲ್ಲಿದ್ದ ಇಡ್ಲಿ ತುಂಡು ಬಾಯಿಗೆ ಹೋಗದೆ ನಿಂತಿತು. “ಯವ್ವಾ, ಅದು ನಿನ್ನ ನಂಬಿಕಿ. ನಾ ಯಾಕ ಅಡ್ಡ ಬರ್ಲಿ? ಅಲ್ಲೇ ಇರ್ಲಿ ಬಿಡು ಬೇ!”

ಕಾನ್ವೆಂಟಿನಲ್ಲಿ ಮೇರಿಯಮ್ಮನಿಗೆ ಮೇಣದಬತ್ತಿ ಹಚ್ಚಿ ಗಣಿತ ಪಾಸಾದವಳು ನಾನು, ನಗಬಾರದಿತ್ತು, ನಕ್ಕೆ. ಅಂದು ಇಡ್ಲಿಗೆ ಶೇಂಗಾ ಚಟ್ನಿಯೇ ಗತಿಯಾಯಿತು. ಈಗಲೂ ದೇವರಿಲ್ಲವೆಂದು ವಾದಿಸುವ ನಮ್ಮವರು, ಅತ್ತೆ ಗುಡಿಯಿಂದ ಬಂದೊಡನೆ ಮೆಲ್ಲಗೆ ಕೇಳುತ್ತಾರೆ: “ಯವ್ವಾ, ಕಾಯಿ ಗಂಟು ಗಟ್ಟಿ ಅದ ಹೌದಿಲ್ಲ?”